ಬರೆಯದ ಬಾವಿ

ಜನವರಿ 8, 2025. ಬುಧವಾರ, ಬೆಳಿಗ್ಗೆ 6.15. ಹುಮನಾಬಾದ್

ಏಳಕ್ಕೆ ಶಿಫ್ಟ್. ಔಷಧಿ ಫ್ಯಾಕ್ಟರಿಯ ವ್ಯಾನ್ ಇನ್ನೂ ಬಂದಿಲ್ಲ. ಶಾರ್ಟ್ ಫಿಲ್ಮ್ ಸ್ಕ್ರಿಪ್ಟ್ ಪ್ರಿಂಟ್ ಆಯಿತು — ಹನ್ನೊಂದು ಪುಟ, ಸ್ಪೈರಲ್ ಬೈಂಡಿಂಗ್. ಮುಖಪುಟದಲ್ಲಿ ‘ಕಥೆ: ದೀಪಾಲಿ’. ನಾಲ್ಕು ಸಲ ನೋಡಿಕೊಂಡೆ.

ಕಥೆ ಅಕ್ಕನದು. ಆಗ ಅಕ್ಕ ಕಾಜಲ್‌ಗೆ ಹದಿನಾಲ್ಕು, ನನಗೆ ಒಂಬತ್ತು. ಆಡು ಮೇಯಿಸಲು ಹೋದವಳು ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಹೋದಳು. ಶಾಲೆಯಿಂದ ಬರುತ್ತಾ ಕಂಡವಳು ನಾನೊಬ್ಬಳೇ. ಅಕ್ಕ ಮತ್ತೆ ಬರಲಿಲ್ಲ. ಸಿನಿಮಾದ ಕೊನೆಗೆ ಕಬ್ಬಿನ ಹೊರೆಯ ಮೇಲಿಂದ ಕೈ ಬೀಸುತ್ತಾಳೆ.

ಬೆಂಗಳೂರಿನ ಮೂವರು ನಿರ್ಮಾಪಕರಿಗೆ ಮೇಲ್ ಮಾಡಿದ್ದೆ. ಉತ್ತರವಿಲ್ಲ. ಇಲ್ಲಿಯವರನ್ನೇ ನೋಡಬೇಕು.

ಜನವರಿ 12. ಭಾನುವಾರ

ಗುರುನಾಥ ಅವರನ್ನು ಕಂಡೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ. ಎರಡು ಶಾರ್ಟ್ ಫಿಲ್ಮ್‌ಗೆ ದುಡ್ಡು ಹಾಕಿದ್ದಾರೆ. ಪುಟ ಮುಟ್ಟಲಿಲ್ಲ. ಬಾಯಿಲೇ ಹೇಳು ಅಂದರು. ಚೀಲಗಳ ನಡುವೆ ಕೂತು ಹೇಳಿದೆ.

ಮುಗಿದ ಮೇಲೆ ಸ್ಕ್ರಿಪ್ಟ್ ತಿರುವಿ ಹಾಕಿ ಕೇಳಿದರು.

“ಬಾವಿ ಸೀನ್ ಇದರಾಗ ಯಾಕ ಬರದಿಲ್ಲ?”

ಬಾವಿಯೇ ಇಲ್ಲ ಅಂದೆ. ನನ್ನನ್ನೇ ನೋಡಿದರು.

“ಈಗ ಹೇಳಿದಿಯಲ್ಲವ್ವಾ. ಟ್ರ್ಯಾಕ್ಟರ್ ಬಿಡು. ಬಾವಿ ಬರಕೊಂಡ ಬಾ, ನಾ ಮಾಡ್ತೀನಿ.”

ಬೇರೆ ಯಾರದೋ ಕಥೆ ನೆನಪಾಗಿರಬೇಕು ಅವರಿಗೆ. ಆದರೂ… ‘ಮಾಡ್ತೀನಿ’ ಅಂದರಲ್ಲ.

ಜನವರಿ 19. ಭಾನುವಾರ. ಬಸವಕಲ್ಯಾಣ

ತಹಸೀನ್ ಮೇಡಂ. ಕೋಟೆ ರಸ್ತೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ. ತಾವೇ ಡೈರೆಕ್ಟ್ ಮಾಡುತ್ತಾರೆ, ತಾವೇ ಪ್ರೊಡ್ಯೂಸ್ ಮಾಡುತ್ತಾರೆ. ಚಾಪೆ ಮೇಲೆ ಕೂರಿಸಿದರು, ಕಥೆ ಮುಗಿಯುವ ಹೊತ್ತಿಗೆ ಬಿಸಿ ಚಹಾ ಇಟ್ಟರು. ಟ್ರ್ಯಾಕ್ಟರ್ ಹೋಯಿತು, ಮುಗಿಯಿತು ಅಂದೆ. ಕಪ್ ಎತ್ತಿದರೆ ಚಹಾ ತಣ್ಣಗೆ, ಮೇಲೆ ಕೆನೆ ಕಟ್ಟಿತ್ತು. ನನಗೆ ಈಗಷ್ಟೇ ಇಟ್ಟ ಹಾಗಿತ್ತು.

ಮೇಡಂ ಗೋಡೆಗೆ ಸರಿದು ಕೂತಿದ್ದರು. ಮೆಲ್ಲಗೆ ಕೇಳಿದರು: “ಕಡೀಕ ದನಿ ಯಾಕ ಬದಲ ಮಾಡಿದ್ರಿ?”

ಯಾರು ಕಥೆ ಹೇಳಿದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ವಾಟ್ಸಾಪಿಗೆ ಕಳಿಸಿದರು. ನನ್ನ ಕಥೆ ಇಪ್ಪತ್ತು ನಿಮಿಷದ್ದು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡೇ ಕಲಿತದ್ದು. ಫೈಲು ಇಪ್ಪತ್ತಾರು ನಿಮಿಷ.

ಜನವರಿ 20

ಕೇಳಿಲ್ಲ.

ಜನವರಿ 23. ಗುರುವಾರ, ಮಧ್ಯಾಹ್ನ 1.20

ಊಟದ ಬಿಡುವು. ಫ್ಯಾಕ್ಟರಿಯ ಬೇಲಿ ಪಕ್ಕ, ಬಿಸಿಲಲ್ಲಿ ಕೂತು ಕೇಳಿದೆ. ಇಪ್ಪತ್ತನೇ ನಿಮಿಷಕ್ಕೆ ‘ಮುಗೀತು’ ಅನ್ನುತ್ತೇನೆ. ಒಂದು ನಿಮಿಷ ಏನೂ ಇಲ್ಲ. ಹೊರಗೆ ಆಟೋ ಸದ್ದು.

ಮತ್ತೆ ನನ್ನ ಗಂಟಲೇ. ಮಾತೂ ಅದರ ಧಾಟಿಯೂ ನನ್ನದಲ್ಲ.

“ದೀಪೂನ ಚಪ್ಪಲಿ ಬಾವಿಯಾಗ ಬಿತ್ತು. ತರಾಕ ಇಳದೆ. ಕಾಲ ಜಾರ್ತು. ಅಪ್ಪಗ ಕರಕೊಂಡ ಬಾ ಅಂದೆ. ಹೋದಳು. ಇನ್ನೂ ಕುಂತೇನಿ.”

ಕೊನೆಯ ಎರಡು ಮಾತು ಫೈಲು ಮುಗಿಯುವ ತನಕ ಮತ್ತೆ ಮತ್ತೆ. ಅದೇ ದನಿ, ಅವಸರವಿಲ್ಲ.

ದೀಪು ಅಂತ ನನ್ನನ್ನು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ.

ಜನವರಿ 26. ಭಾನುವಾರ. ಊರು

ಹಳ್ಳಿಖೇಡದಲ್ಲಿ ಬಸ್ಸಿಳಿದು ನಡೆದೇ ಬಂದೆ. ಅವ್ವ ಆಡಿನ ಮರಿಗೆ ಸೊಪ್ಪು ಹಾಕುತ್ತಿದ್ದಳು. ಸುಮ್ಮನೆ ಕೇಳಿದ ಹಾಗೆ ಕೇಳಿದೆ — ಅಕ್ಕ ಹೋದ ದಿನ ನಾನು ಶಾಲೆಯಿಂದ ಎಷ್ಟು ಹೊತ್ತಿಗೆ ಬಂದೆ?

“ಯಾವ ಸಾಲಿ? ಅವತ್ತ ಐತವಾರ, ಸಾಲಿ ಇರಲಿಲ್ಲ. ಇಬ್ಬರೂ ಕೂಡೇ ಆಡ ಹೊಡಕೊಂಡ ಹೋಗಿದ್ರಿ.”

ಒಂದೇ ಚಪ್ಪಲಿಯಲ್ಲಿ ಬಂದಿದ್ದೆನಂತೆ. ಅಕ್ಕ ಟ್ರ್ಯಾಕ್ಟರ್ ಹತ್ತಿದಳು ಅಂದೆನಂತೆ. ಮತ್ಯಾರೂ ಅದನ್ನು ನೋಡಿರಲಿಲ್ಲ. ಬೈಸಿಕೊಳ್ಳುವ ಭಯಕ್ಕೆ ಅಂದಿರಬೇಕು ನಾನು. ಅಂದದ್ದೇ ಕಂಡದ್ದಾಗಿ ಕೂತಿತು.

ನಾವು ಆಡು ಮೇಯಿಸುತ್ತಿದ್ದ ಗೌಡರ ಹೊಲದ ಬಾವಿ ಯಾವಾಗ ಮುಚ್ಚಿದರು ಅಂತ ಕೇಳಿದೆ. ಅವ್ವನ ಕೈ ನಿಂತಿತು.

“ಮರುದಿನ ಮುಂಜಾನಿ. ಆಡು ಬೀಳ್ತಾವಂತ ಬಾವಿ ಮ್ಯಾಲ ಚಪ್ಪಡಿ ಕಲ್ಲ ಹಾಕಿದ್ರು. ನಿಮ್ಮಪ್ಪ ಅವತ್ತ ಸಕ್ಕರಿ ಕಾರ್ಖಾನಿ ಮುಂದ ಒಂದೊಂದ ಟ್ರ್ಯಾಕ್ಟರ್ ಹತ್ತಿ ಹುಡುಕಾಕತ್ತಿದ್ದ.”

ರೆಕಾರ್ಡಿಂಗ್ ಹಾಕಿ ಮೊಬೈಲ್ ಅವಳ ಕಿವಿಗೆ ಹಿಡಿದೆ. ಪೂರ್ತಿ ಕೇಳಿದಳು. ಅಳಲಿಲ್ಲ. ಎದ್ದು ಅಪ್ಪನನ್ನು ಕರೆಯಲು ಹೋದಳು.

ಗುರುನಾಥ ಅವರ ಫೋನ್ ಬಂತು. ಎತ್ತಲಿಲ್ಲ.

ಜನವರಿ 27. ಸೋಮವಾರ, ಬೆಳಿಗ್ಗೆ 11.10

ಬಾವಿಯ ಹತ್ತಿರ, ಬೇವಿನ ಕೆಳಗೆ. ಕೈ ಖಾಲಿ ಇರಬಾರದು ಅಂತ ಬರೆಯುತ್ತಿದ್ದೇನೆ. ಪೊಲೀಸರಿಗೆ ಹೇಳೋಣ ಅಂದೆ. ಮೊದಲು ನೋಡುತ್ತೇನೆ ಅಂದ ಅಪ್ಪ. ಅಪ್ಪನ ತಮ್ಮ ಕಾಕಾ ಹಾರೆ ಹಾಕಿ ಎರಡು ಕಲ್ಲು ಸರಿಸಿದ. ಒಳಗಿನ ಗಾಳಿ ಇಲ್ಲಿಗೂ ತಾಗಿತು. ತಣ್ಣಗೆ.

ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ತಲೆ ಕಾಣುತ್ತಿಲ್ಲ. ಅವ್ವ ಅಂಚಿನಲ್ಲಿ ಬೋರಲು ಮಲಗಿ ಏನದ, ಏನದ ಅನ್ನುತ್ತಿದ್ದಾಳೆ.

ಹಗ್ಗ ನಿಂತಿತು.

ಒಳಗಿಂದ ಅಪ್ಪನ ದನಿ.

“ದೀಪಾಲಿ. ಕಾಜಲ ಇಲ್ಲೇ ಕುಂತಾಳ. ಆಕಿ ನಿನಗ ಕೂಗಿದ್ದಳೇನು?”

ಅವ್ವ ತಿರುಗಿ ನನ್ನ ಕಡೆ ನೋಡುತ್ತಿದ್ದಾಳೆ.

ಕೂಗಿದಳು. ಕಬ್ಬಿನ ಹೊಲ ದಾಟುವ ತನಕ ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಂಡು ಓಡಿದೆ. ಮನೆ ಬಂದ ಮೇಲೂ ಕೇಳಿಸುತ್ತಿತ್ತು. ಈಗ ನನ್ನ ಗಂಟಲಿನಿಂದಲೇ