ಮೂವರು ನೀರು ಹಾಕಿದ ಹೂಜಿ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಸೋಮವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಏಳೂ ಹತ್ತು

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ತಂಗಿಯ ಕಾಲು ಹೇಗಿದೆ? ಊರುಗೋಲು ಹಿಡಿದು ಬಾಗಿಲವರೆಗೂ ನಡೆದಳು ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕೇಳಿ ಸಮಾಧಾನವಾಯಿತು. ಇನ್ನು ಮೇಲಾದರೂ ಮೆಟ್ಟಿಲಿಳಿಯುವಾಗ ಮೆಟ್ಟಿಲು ನೋಡು, ಮೊಬೈಲು ನೋಡಬೇಡ ಎಂದು ಭಾವ ಹೇಳಿದರು ಅನ್ನು. ನಿನ್ನ ಸೊಂಟ ನೋವು ಹೇಗಿದೆ? ಅವಳನ್ನು ಎತ್ತಿ ಕೂರಿಸುವ ಕೆಲಸವನ್ನೆಲ್ಲ ನೀನೊಬ್ಬಳೇ ಮೈಮೇಲೆ ಹಾಕಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಅಡುಗೆ ತಳ ಹಿಡಿಯುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ನಿನ್ನೆ ತಾನೇ ಮಾತಾಡಿದವರು ಇವತ್ತು ಕಾಗದ ಯಾಕೆ ಬರೆದರು ಎಂದು ನಿನಗೆ ಅನ್ನಿಸಬಹುದು. ನೀನು ಫೋನನ್ನು ಸ್ಪೀಕರಿಗೆ ಹಾಕಿ ತಂಗಿಯ ಮಂಚದ ಮೇಲೆ ಇಟ್ಟುಬಿಡುತ್ತೀಯ. ನಾನು ಹೇಳಬೇಕಾದದ್ದು ಅವಳ ಕಿವಿಗೆ ಬಿದ್ದರೆ ಇನ್ನು ಇಪ್ಪತ್ತು ವರ್ಷ ನನ್ನನ್ನು ಆಡಿಕೊಂಡು ನಗುತ್ತಾಳೆ. ಅದಕ್ಕೇ ಕಾಗದ. ಒಬ್ಬಳೇ ಕೂತು ಓದು.

ವಿಷಯ ಏನೆಂದರೆ, ನನಗೆ ಹೊಟ್ಟೆಕಿಚ್ಚಾಗಿದೆ. ನಗಬೇಡ. ಏಳು ವಾರದ ಹಿಂದೆ ಬಸ್ಸಿನ ಕಿಟಕಿಯಲ್ಲಿ ತಲೆ ಹೊರಹಾಕಿ ನೀನು ಹೇಳಿದ್ದು ನೆನಪಿದೆಯಾ? ಹಾಲು, ಗ್ಯಾಸು, ನನ್ನ ಮಾತ್ರೆ ಯಾವುದರ ಬಗ್ಗೆಯೂ ಅಲ್ಲ. "ರೀ, ನನ್ನ ಹೂಜಿ ಒಣಗದ ಹಾಗೆ ನೋಡ್ಕೊಳ್ಳಿ" ಅಂದೆ. ಆಗಲೇ ನನಗೆ ಒಂದು ಥರ ಆಗಿತ್ತು. ಆದರೂ ಹೋದೆ. ನಲವತ್ತು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದವನು, ಧೂಳು ಕಂಡರೆ ಉಸಿರು ಬಿಗಿಹಿಡಿಯುವವನು, ಅಂಗಡಿ ತೆಗೆಯುವ ಮೊದಲು ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಸ್ಟುಡಿಯೋಗೆ, ಅಂದರೆ ನಾನು ಮಡಕೆಮನೆ ಎಂದು ಹಂಗಿಸುವ ಆ ಹಳೆಯ ಸೈಕಲ್ ಗೋದಾಮಿಗೆ ಹೋದೆ. ಕಪಾಟಿನಲ್ಲಿ ನಿನ್ನ ಹೆಸರಿನ ಚೀಟಿ ಹುಡುಕಿದೆ, ಸಿಗಲಿಲ್ಲ. ಭಟ್ಟಿ ನೋಡಿಕೊಳ್ಳುತ್ತಾರಲ್ಲ, ಆ ಭಟ್ಟಿಯಮ್ಮ, ಕೈಯಲ್ಲಿದ್ದ ಹಲಗೆ ಕೆಳಗಿಟ್ಟು, "ಓ, ನಗೋ ಅಕ್ಕನ ಮನೆಯವರಾ ನೀವು?" ಎಂದು ಕೇಳಿದರು. ಚೀಟಿಯ ಮೇಲೂ ಅದನ್ನೇ ಬರೆದಿದ್ದಾರೆ. ನಗೋ ಅಕ್ಕ. ನೀನು ಬಂದರೆ ಭಟ್ಟಿಯ ಸದ್ದೂ ಕೇಳಿಸುವುದಿಲ್ಲವಂತೆ. ಮಣ್ಣು ಮಿದಿಯುವಾಗ ಹಾಡುತ್ತೀಯಂತೆ. ಹೊಸಬರ ಪಾತ್ರೆ ತಿಗರಿಯ ಮೇಲೆ ಕುಸಿದು ಬಿದ್ದರೆ, ಅವರು ಅಳುವ ಮೊದಲೇ ನೀನು ನಕ್ಕು ಅವರನ್ನೂ ನಗಿಸುತ್ತೀಯಂತೆ. ಮೂವತ್ತೊಂದು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ ಮಾರಾಯ್ತಿ? ಮನೆಯಲ್ಲಿ ನೀನು ಕೊನೆಯ ಸಲ ಹಾಡಿದ್ದು ಯಾವಾಗ ಎಂದು ಆವತ್ತು ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ. ಸಿಗಲಿಲ್ಲ. ಒಬ್ಬರ ಗಡಿಯಾರದ ಮುಳ್ಳನ್ನು ತಿರುಗಾಮುರುಗಾ ಕೂರಿಸಿ ಕೊಟ್ಟೆ.

ಇನ್ನು ನಿನ್ನ ಮೇಷ್ಟ್ರು. ತಿಗರಿ ಕಲಿಸುವ ಆ ಗಡ್ಡದವನು. ಒಳ್ಳೆಯವನೇ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅಂಗಿ ತೋಳು ಮೊಣಕೈವರೆಗೂ ಮಡಚಿರುತ್ತಾನೆ, ಬೆರಳಿನ ಉಗುರಲ್ಲಿ ಯಾವಾಗಲೂ ಕೆಸರು. ನಾನು ಹೋದ ಮೊದಲ ದಿನವೇ ಟೀ ಕುಡಿಯುತ್ತಿದ್ದ. ಲೋಟ ನೀಲಿ ಬಣ್ಣದ್ದು, ಅಂಚು ಸ್ವಲ್ಪ ಓರೆ. "ನಿಮ್ಮ ಮನೆಯವರು ಮಾಡಿದ್ದು ಸರ್, ನನಗೆ ಇದರಲ್ಲಿ ಕುಡಿದ್ರೇ ಟೀ" ಎಂದ. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದ ಮೇಲೆ ನೆನಪಾಯಿತು, ಅದರ ಜೋಡಿ ಲೋಟವನ್ನು ನೀನು ನನಗೆ ಕೊಟ್ಟಿದ್ದೆ. ಎರಡು ವರ್ಷದಿಂದ ಅಂಗಡಿಯಲ್ಲಿ ಅದರೊಳಗೆ ಸಣ್ಣ ಸ್ಕ್ರೂ ತುಂಬಿಟ್ಟಿದ್ದೇನೆ. ನೀನು ಅಂಗಡಿಗೆ ಊಟದ ಡಬ್ಬಿ ತಂದಾಗಲೆಲ್ಲ ಅದನ್ನು ನೋಡಿರುತ್ತೀಯ. ಒಂದು ಸಲವೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೂಜಿಯ ಕಥೆಗೆ ಬರುತ್ತೇನೆ. ಹೊಟ್ಟೆ ಮುಗಿದಿದೆ, ಕುತ್ತಿಗೆ ಹಿಡಿಕೆ ಕೂರಿಸಬೇಕು, ಅಲ್ಲಿಯವರೆಗೆ ಒದ್ದೆ ಆರಬಾರದು ಎಂದು ನೀನು ಹೇಳಿದ್ದೆ. ನೀನು ಹೇಳಿಕೊಟ್ಟ ಹಾಗೇ ಬಟ್ಟೆಯ ಮೇಲೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ ಬರುತ್ತಿದ್ದೆ. ನಾಲ್ಕನೇ ವಾರ ನೋಡುತ್ತೇನೆ, ಗಂಟು ನನ್ನದಲ್ಲ. ನಾನು ಹಾಕುವ ಗಂಟು ನನಗೆ ಗೊತ್ತಿಲ್ಲವೇ? ಬಟ್ಟೆಯೂ ನಾನು ಬಿಟ್ಟಿದ್ದಕ್ಕಿಂತ ಒದ್ದೆ. ಮಾರನೆಯ ದಿನ ಮೂರಕ್ಕೇ ಅಂಗಡಿ ಮುಚ್ಚಿ, ಕಳ್ಳನನ್ನು ಹಿಡಿಯುವವನ ಹಾಗೆ ಹೋಗಿ, ಮಣ್ಣಿನ ಚೀಲಗಳ ಹಿಂದೆ ನಿಂತೆ. ಗಡ್ಡದ ಮೇಷ್ಟ್ರೇ ಬಂದ. ಗಂಟು ಬಿಚ್ಚಿ, ಮಗುವಿನ ಹೊದಿಕೆ ಸರಿಸುವ ಹಾಗೆ ಬಟ್ಟೆ ಸರಿಸಿ ನೀರು ಚಿಮುಕಿಸಿದ. ನಾನು ಎದುರು ಬಂದು ನಿಂತು, ಇದು ನನ್ನ ಕೆಲಸ ಅಂದೆ. ಅವನು ಮೆತ್ತಗೆ, "ಈ ವಾರ ಬಿಸಿಲಿಗೆ ಮಧ್ಯಾಹ್ನಕ್ಕೇ ಆರ್ತಿತ್ತು. ಹೋಗುವಾಗ ಅಕ್ಕ ನನಗೂ ಹೇಳಿದ್ರು ಸರ್. ನೀವು ಮರೆತರೆ ಅಂತ" ಎಂದ. ನಾನು ಮರೆತರೆ! ನಿನ್ನನ್ನೇ ಕೇಳುತ್ತೇನೆ, ಒಂದು ದಿನವಾದರೂ ಅಂಗಡಿಯ ಗಡಿಯಾರಗಳಿಗೆ ಕೀಲಿ ಕೊಡುವುದನ್ನು ಮರೆತಿದ್ದೇನಾ? ನಿನ್ನ ಹುಟ್ಟಿದ ದಿನ ಮರೆತದ್ದು ಬೇರೆ ಮಾತು, ಅದನ್ನು ಇಲ್ಲಿ ತರಬೇಡ.

ಆಮೇಲೆ ನಾನು ಮಾಡಿದ್ದು ದಡ್ಡತನ. ಒಪ್ಪಿಕೊಂಡೆ. ಬೆಳಿಗ್ಗೆ ಒಂದು ಸಲ ಹಾಕುವ ನೀರನ್ನು ಎರಡು ಸಲ ಹಾಕತೊಡಗಿದೆ. ಅವನು ಬಂದು ನೋಡಿದಾಗ ಬಟ್ಟೆ ತೊಟ್ಟಿಕ್ಕುತ್ತಿರಬೇಕು, ಮರೆಯುವವನು ಯಾರು ಎಂದು ಅವನಿಗೆ ಗೊತ್ತಾಗಬೇಕು, ಅಷ್ಟೇ ನನ್ನ ಆಸೆ. ಅವನೂ ಬಿಡಲಿಲ್ಲ, ನಿನಗೆ ಮಾತು ಕೊಟ್ಟಿದ್ದನಂತೆ. ನಮ್ಮಿಬ್ಬರಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಅದೇ ಬಿಸಿಲಿನ ವಾರದಿಂದ ಸಂಜೆ ಬಾಗಿಲು ಹಾಕುವ ಮೊದಲು ಭಟ್ಟಿಯಮ್ಮನೂ ನೀರು ಹಾಕುತ್ತಿದ್ದರು. ಅವರಿಗೂ ನೀನೇ ಹೇಳಿಹೋಗಿದ್ದೆ! ಹೋದ ಶನಿವಾರ ಪ್ಲಾಸ್ಟಿಕ್ ಬಿಚ್ಚಿದರೆ ನಿನ್ನ ಹೂಜಿ ಕಾಲು ಮಡಚಿ ಕೂತ ಎಮ್ಮೆಯ ಹಾಗೆ ಹಲಗೆಯ ಮೇಲೆ ಕೂತಿತ್ತು. ಹೊಟ್ಟೆ ಒಂದು ಕಡೆ ಜಾರಿ ಬಾಯಿ ಮುಚ್ಚಿಹೋಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಮೂವರೂ ಅದರ ಸುತ್ತ ನಿಂತೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಭಟ್ಟಿಯಮ್ಮನೇ, "ಅಕ್ಕ ಇದ್ದಿದ್ರೆ ಈಗ ನಗ್ತಿದ್ರು" ಅಂದರು. ಅವರಿಬ್ಬರಿಗೂ ನಿನ್ನ ನಗು ಹೇಗಿರುತ್ತದೆ ಎಂದು ಗೊತ್ತು, ಅಷ್ಟು ಚೆನ್ನಾಗಿ ನನಗೆ ಗೊತ್ತಿಲ್ಲ.

ಕ್ಷಮಿಸು. ಹೂಜಿ ಹೋಯಿತು. ಆದರೆ ಸುಡದ ಮಣ್ಣಲ್ಲವೇ, ಮತ್ತೆ ಮಿದಿಯಬಹುದು ಎಂದು ಮೇಷ್ಟ್ರು ಹೇಳಿದರು. (ನೋಡು, ಈಗ ಬಹುವಚನ ಕೊಡುತ್ತಿದ್ದೇನೆ.) ಅಲ್ಲಿಯ ಪದ್ಧತಿಯಂತೆ ಅದು ಎಲ್ಲರ ಮಣ್ಣಿನ ತೊಟ್ಟಿಗೆ ಹೋಗಬೇಕಿತ್ತು. ನಾನು ಬಿಡಲಿಲ್ಲ. ಅಂಗಿ ತೋಳು ಮಡಚಿ, ಅವರು ತೋರಿಸಿದ ಹಾಗೆ, ನೀರು ಹೀರುವ ಆ ಬಿಳಿ ಹಲಗೆಯ ಮೇಲೆ ಒಂದು ಗಂಟೆ ನಾನೇ ಮಿದಿದೆ. ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುವ ಬೆರಳಿಗೆ ಅದೆಲ್ಲಿ ಬಗ್ಗುತ್ತದೆ? ಭುಜ ಇನ್ನೂ ನೋಯುತ್ತಿದೆ. ಉಂಡೆ ಮಾಡಿ, ಸುತ್ತಿ, ನಿನ್ನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೇನೆ. ನಿನ್ನ ಮಣ್ಣನ್ನು ಬೇರೆ ಯಾರ ಮಣ್ಣಿನ ಜೊತೆಗೂ ಸೇರಿಸಿಲ್ಲ. ನೀರು ಹಾಕುವ ಕೆಲಸ ಈಗ ಭಟ್ಟಿಯಮ್ಮನೊಬ್ಬರದೇ. ಲೋಟದಿಂದ ಸ್ಕ್ರೂ ತೆಗೆದು ತೊಳೆದೆ. ಈ ಕಾಗದ ಬರೆಯುವಾಗ ಅದರಲ್ಲೇ ಟೀ ಕುಡಿಯುತ್ತಿದ್ದೇನೆ. ಆ ಗಡ್ಡದವರು ಹೇಳಿದ್ದು ನಿಜ.

ನೀನು ಬಂದರೆ ಮನೆಗೆ ಬರುತ್ತೀಯೋ ಮಡಕೆಮನೆಗೆ ಬರುತ್ತೀಯೋ ಎಂಬುದೊಂದೇ ಇಷ್ಟು ದಿನ ನನ್ನನ್ನು ತಿಂದದ್ದು. ಆ ಹೆದರಿಕೆಯಲ್ಲಿ ಹೂಜಿಗಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದ್ದೇನೆ. ಅದನ್ನು ಕೆಳಗೆ ಬರೆಯುತ್ತೇನೆ, ಮೊದಲು ಸಹಿ ಹಾಕಿಬಿಡುತ್ತೇನೆ. ತಂಗಿಗೆ ನನ್ನ ಆಶೀರ್ವಾದ, ನಿನ್ನ ಸೊಂಟಕ್ಕೆ ನನ್ನ ಕಾಳಜಿ.

ಇತಿ,
ನಿನ್ನ "ರೀ"

ಮರೆತಿದ್ದೆ: ಸುಳ್ಳು, ಮರೆತಿರಲಿಲ್ಲ. ಇದರ ಜೊತೆಗಿರುವ ಹಳದಿ ಲಕೋಟೆ ನಿನ್ನದು. ಮೇಷ್ಟ್ರು ಮೂರು ವಾರದ ಹಿಂದೆಯೇ ಕೊಟ್ಟು, ಮನೆಯವರಿಗೆ ತಲುಪಿಸಿ ಎಂದಿದ್ದರು. ಗಡಿಯಾರದ ಪಟ್ಟಿಗಳ ಕೆಳಗೆ ಬಚ್ಚಿಟ್ಟೆ. ಅವರು "ಏನಂದ್ರು ಸರ್?" ಎಂದು ಕೇಳಿದಾಗಲೆಲ್ಲ, ಯೋಚಿಸುತ್ತಿದ್ದಾಳೆ ಅಂದೆ. ಹೊಸಬರ ತರಗತಿಯನ್ನು ಮುಂದಿನ ತಿಂಗಳಿಂದ ನೀನೇ ನಡೆಸಬೇಕಂತೆ, ಅವರೇ ನಿನ್ನ ಹೆಸರು ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ. ನನ್ನ ಅಂಗಡಿಗೆ ಇರುವುದು ಅದೊಂದೇ ರಜೆ, ಅದಕ್ಕೇ ಬಚ್ಚಿಟ್ಟೆ. ಶುಕ್ರವಾರದೊಳಗೆ ಹೇಳದಿದ್ದರೆ ಆ ತರಗತಿಯನ್ನೂ ಮೇಷ್ಟ್ರೇ ತೆಗೆದುಕೊಳ್ಳುತ್ತಾರೆ. ಕಾಗದ ಬುಧವಾರ ಸಿಗುತ್ತದೆ. ನನಗೆ ಬೈಯಲು ಫೋನ್ ಎತ್ತುವ ಮೊದಲು ಅವರಿಗೆ ಮಾಡು. ಹೂಂ ಅನ್ನುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಆ ತರಗತಿಗೆ ಸೇರುವ ಹೊಸಬರು ಹೆಸರು ಬರೆಸುವ ಹಾಳೆಯಲ್ಲಿ ಮೊದಲ ಹೆಸರು ಮಾತ್ರ ನನ್ನದು. ನೀನು ಬರದಿದ್ದರೆ ಭಾನುವಾರ ಬೆಳಿಗ್ಗೆ ಆ ಗಡ್ಡದವರ ಎದುರು ನಾನೊಬ್ಬನೇ ಕೂರಬೇಕಾಗುತ್ತದೆ.