ಮೂರಂಗುಲದ ಹಲಗೆ

ಗೆಳೆಯ ಗೌ,

ನಿನ್ನೆ ನಿನ್ನನ್ನು ಮಣ್ಣು ಮಾಡಿ ಬಂದೆ. ಅಂತ್ಯವಿಧಿ ಬಲ್ಲವರನ್ನು ಹುಡುಕಿಕೊಂಡು ಲಿಂಗ್ ಕೋಟೆಯ ಜನ ನನ್ನ ಬಾಗಿಲಿಗೆ ಬಂದಿದ್ದರು. ಶತ್ರುಸೇನೆಯಿಂದ ತಮ್ಮ ಗೋಡೆ ಕಾಯುತ್ತ ಸತ್ತವನ ಹೆಸರು ಹೇಳಿದಾಗ ನಾನು ಏನೂ ಕೇಳದೆ ಹೊರಟೆ.

ಊರು ಉಳಿಸಿದವನಿಗೆ ಒಂದರೊಳಗೊಂದು ಎರಡು ದಪ್ಪ ಪೆಟ್ಟಿಗೆ, ಮೂರು ತಿಂಗಳ ಶೋಕ ಎಂದು ಅವರು ತೀರ್ಮಾನಿಸಿದ್ದರು. ನಾನು ಬೇಡವೆಂದೆ. "ಮೂರಂಗುಲದ ಹಲಗೆಯ ಒಂದೇ ಪೆಟ್ಟಿಗೆ ಸಾಕು. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕೆಲಸಕ್ಕೆ ಹೋಗಿ."

ನಿನಗೆ ಅನ್ನ ಹಾಕುತ್ತಿದ್ದ ಮುದುಕಿ ಷೆನ್ ಸಿಡಿದೆದ್ದಳು. "ಏನಯ್ಯಾ, ನೀನು ಕನ್‌ಫ್ಯೂಷಿಯಸ್ ಗುರುಗಳ ಕಡೆಯವನಲ್ವಾ? ಸತ್ತವರಿಗೋಸ್ಕರ ಮನೆಮಠ ಮಾರಿಸೋರು ನೀವು. ನಮ್ಮ ಹುಡುಗನಿಗೆ ಮಾತ್ರ ಜಿಪುಣತನವಾ?"

"ಅವನು ಮೋ ಗುರುಗಳ ಶಿಷ್ಯ, ಅಜ್ಜೀ. ಸತ್ತವರಿಂದ ಬದುಕಿರೋರು ಬಡವರಾಗಬಾರದು ಅಂತಿದ್ದ."

"ನಿಂಗೆ ಹೇಗೆ ಗೊತ್ತು?"

ನನ್ನ ತಂದೆಯ ಶವದ ಮುಂದೆ ನೀನು ಹೇಳಿದ್ದು ಅದನ್ನೇ ಅಲ್ಲವೇ? ಅಂದು ನಿನ್ನ ಕತ್ತು ಹಿಡಿದು ಆಚೆ ದೂಡಿದ್ದೆ. ಅದಾಗಿ ಹನ್ನೊಂದು ವರ್ಷ. "ಎಲ್ಲೋ ಕೇಳಿದ್ದೆ" ಎಂದಷ್ಟೇ ಅಜ್ಜಿಗೆ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿ, ಹಲಗೆ ತರಲು ಹುಡುಗರನ್ನು ಕಳಿಸಿದಳು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಜನ ಕಣ್ಣೊರೆಸಿಕೊಳ್ಳುತ್ತಲೇ ನವಣೆ ಹೊಲಕ್ಕಿಳಿದರು. ಎಲ್ಲವೂ ನೀನು ಬಯಸುತ್ತಿದ್ದ ಹಾಗೆಯೇ ನಡೆಯಿತು.

ಒಂದನ್ನು ಮಾತ್ರ ನಿನ್ನ ಮಾತು ಮೀರಿ ಮಾಡಿದ್ದೇನೆ. ಮನೆಗೆ ಬಂದವನೇ ಒರಟು ನಾರಿನ ಶೋಕದ ಬಟ್ಟೆ ಉಟ್ಟಿದ್ದೇನೆ. ಒಡಹುಟ್ಟಿದವರಿಗೆ ನಮ್ಮ ವಿಧಿಯಲ್ಲಿ ಒಂದು ವರ್ಷ. ಬಿಚ್ಚು ಎನ್ನುವುದಾದರೆ ನೀನೇ ಬಂದು ವಾದ ಮಾಡು.