ಎರಡನೆಯ ರೋಮ್ಕೆ

ಮಾಕ್ಕುಮ್, ಫ್ರೀಸ್‌ಲಾಂಡ್
೧೪ ಮಾರ್ಚ್ ೨೦೧೭

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಮಂಡಿನೋವು ಕಡಿಮೆಯಾಯಿತೆ? ಕೆನಡಾದ ಹಿಮದಲ್ಲಿ ಕೋಲಿಲ್ಲದೆ ಓಡಾಡುತ್ತೀಯಂತೆ, ನಿನ್ನ ಹೆಂಡತಿ ಫೋನಿನಲ್ಲಿ ಚಾಡಿ ಹೇಳಿದಳು. ಎಪ್ಪತ್ತೈದಾಯಿತು ಮಾರಾಯ, ಇನ್ನಾದರೂ ಮಾತು ಕೇಳು. ನನಗೆ ಕಣ್ಣೊಂದು ಮಂಜು, ಉಳಿದದ್ದೆಲ್ಲ ಗಟ್ಟಿ. ಉಪ್ಪು ಹಾಕಿದ ಕರಿ ಮಿಠಾಯಿ ಎರಡು ಪೊಟ್ಟಣ ಕಳಿಸಿದ್ದೇನೆ. ಬಿಪಿ ಇದ್ದವರು ತಿನ್ನಬಾರದಂತೆ, ಡಾಕ್ಟರಿಗೆ ಹೇಳಬೇಡ. ನಿನ್ನನ್ನು ಒಂದು ಮಾತು ಕೇಳುವುದಿದೆ, ನಿನ್ನ ಹೆಸರಿನ ವಿಷಯ. ಮುಖ ಸಿಂಡರಿಸಬೇಡ, ಮೊದಲು ಪೂರ್ತಿ ಓದು.

ನನ್ನ ಮೊಮ್ಮಗಳು ಫೆಮ್ಕೆ ಬಸುರಿ. ಮೇ ತಿಂಗಳಿಗೆ ಹೆರಿಗೆ, ಗಂಡು ಅಂತ ಗೊತ್ತಾಗಿದೆ. ಮಗುವಿಗೆ ವಂಶವೃಕ್ಷ ಬರೆದುಕೊಡಜ್ಜೀ ಅಂದಳು. ಇಲ್ಲಿ ಎಲ್ಲರ ಮನೆಯಲ್ಲೂ ಇರುವ ಹಾಗೆ ಪಾಯಿಖಾನೆ ಗೋಡೆಗೆ ತೂಗುಹಾಕಿದ ಹುಟ್ಟುಹಬ್ಬದ ಕ್ಯಾಲೆಂಡರ್ ನೋಡಿ ಎಲ್ಲರ ತಾರೀಖೂ ಇಳಿಸಿಕೊಂಡೆ, ಆದರೆ ಅದರಲ್ಲಿ ಇಸವಿ ಯಾರು ಬರೆದಿರುತ್ತಾರೆ? ಅದಕ್ಕೇ ದಾಖಲೆ ಕಚೇರಿಗೆ ಹೋದೆ. ಅಲ್ಲಿನ ಹುಡುಗಿ ಅಪ್ಪನ ಹೆಸರು ಹಾಕಿ ಹುಡುಕಿದ್ದೇ ತಡ, ಮರಣದ ದಾಖಲೆ ಬಂತು: ರೋಮ್ಕೆ, ನಮ್ಮ ಅಜ್ಜ ಅಜ್ಜಿಯ ಮಗ, ೧೯೦೮ರಲ್ಲಿ ತೀರಿಕೊಂಡದ್ದು, ವಯಸ್ಸು ಎರಡು. "ಎರಡು ವರ್ಷಕ್ಕೇ ಸತ್ತವನಿಗೆ ನಾನು ಹೇಗಮ್ಮಾ ಹುಟ್ಟಿದೆ?" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. "ಅಜ್ಜೀ, ಇವ್ರು ನಿಮ್ಮಪ್ಪ ಅಲ್ಲ, ನಿಮ್ಮ ದೊಡ್ಡಪ್ಪ! ಮುಂದಿನ ಹಾಳೆ ನೋಡಿ." ನೋಡಿದರೆ, ಮರುವರ್ಷ ಹುಟ್ಟಿದ ಇನ್ನೊಬ್ಬ ರೋಮ್ಕೆ. ಅವರೇ ನಮ್ಮ ಅಪ್ಪ.

ಆಮೇಲೆ ನನಗೆ ನಗು ಬರಲಿಲ್ಲ ಡೌವೆ. ನೋಡು, ಕೈತಪ್ಪಿ ಹೆಸರು ಬರೆದೇಬಿಟ್ಟೆ. ನೀನು ಹುಟ್ಟುವ ಹಿಂದಿನ ವರ್ಷ ನಿನ್ನ ಅಣ್ಣ, ದೊಡ್ಡ ಡೌವೆ, ಕಾಲುವೆಗೆ ಬಿದ್ದು ತೀರಿಹೋದ. ಸತ್ತ ಮಗುವಿನ ಹೆಸರು ಮುಂದಿನ ಮಗುವಿಗೆ, ಅದು ನಮ್ಮವರ ಪದ್ಧತಿ. ಪ್ರತಿ ಭಾನುವಾರ ಚರ್ಚಿನ ಅಂಗಳದ ಕಲ್ಲಿನ ಮೇಲೆ ನಿನ್ನದೇ ಹೆಸರು ಓದುತ್ತ ಬೆಳೆದೆ, ಪಾಪ. ಹತ್ತೊಂಬತ್ತಕ್ಕೆ ಹಡಗು ಹತ್ತಲು ಹೊರಟಾಗ "ಸತ್ತವನ ಅಂಗಿ ಹಾಕ್ಕೊಂಡು ಬದುಕಿದ್ದು ಸಾಕು" ಅಂತ ಅಪ್ಪನ ಮುಖಕ್ಕೇ ಅಂದೆ. ಅಲ್ಲಿ ಡೇವ್ ಆದೆ. ನಮಗೆ ಬರೆಯುವಾಗಲೂ ಬರೀ 'ಡಿ.' ಅಂತ ಸಹಿ. ಅಪ್ಪ ಸಾಯುವವರೆಗೂ ಮೊದಲು ಆ ಸಹಿ ನೋಡುತ್ತಿದ್ದರು, ಆಮೇಲೆ ಕಾಗದ ಓದುತ್ತಿದ್ದರು.

ನೆನಪಿದೆಯಾ, ದೊಡ್ಡ ಡೌವೆಯ ಕಲ್ಲಿನ ಹತ್ತಿರ ನಿಂತಾದ ಮೇಲೆ ಅಪ್ಪ ಒಬ್ಬರೇ ಬೇಲಿ ಪಕ್ಕದ ಹುಲ್ಲಿಗೆ ಹೋಗಿ ನಿಲ್ಲುತ್ತಿದ್ದರು? ಉಚ್ಚೆಗೆ ಹೋಗಿದ್ದಾರೆ ಅಂತ ನಾವು ಕಿಸಿಕಿಸಿ ನಗುತ್ತಿದ್ದೆವು. ಚರ್ಚಿನ ಹಳೇ ಪುಸ್ತಕ ತೆಗೆಸಿ ನೋಡಿದೆ. ಆ ಮೊದಲ ರೋಮ್ಕೆಯನ್ನು ಮಣ್ಣು ಮಾಡಿದ್ದು ಅಲ್ಲೇ, ಮೇಲೊಂದು ಕಲ್ಲೂ ಇಲ್ಲ. ನೀನು ಹೋದ ದಿನ ಅಪ್ಪ ಒಲೆ ಮುಂದೆ ಕೂತು "ಆ ಅಂಗಿ ನಂಗೂ ದೊಗಳೆ ಆಗಿತ್ತು ಕಣೇ" ಅಂದಿದ್ದರು. ಯಾವ ಅಂಗಿ ಅಪ್ಪಾ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ನಿನ್ನ ಸಂಕಟ ಇಡೀ ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ, ಅವರೋ ಬಾಯಿ ಬಿಡದ ಮನುಷ್ಯ. ನನಗೆ ಅಳು ಬಂತು ತಮ್ಮಾ.

ದಾಖಲೆಗಳ ನಕಲು ಜೊತೆಗಿಟ್ಟಿದ್ದೇನೆ. ನಿನ್ನ ಹೆಂಡತಿ ಮಕ್ಕಳಿಗೆಲ್ಲ ನನ್ನ ಮುತ್ತು. ದೇವರು ನಿನ್ನ ಮಂಡಿ ಗಟ್ಟಿ ಮಾಡಲಿ, ಮೊಂಡುತನ ಸ್ವಲ್ಪ ಕರಗಿಸಲಿ.

ನಿನ್ನ ಅಕ್ಕ,
ಹಿಸ್ಕೆ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಕೇಳಬೇಕಾದದ್ದೇ ಉಳಿಯಿತು. ಫೆಮ್ಕೆ ಮಗುವಿಗೆ ಡೌವೆ ಅಂತ ಇಡಬೇಕಂತೆ. "ಕಲ್ಲಿನ ಮೇಲಿರೋ ಡೌವೆ ಅಲ್ಲಜ್ಜೀ, ಕೆನಡಾದಲ್ಲಿರೋ ಡೌವೆ. ಅವ್ರು ಬೇಡ ಅಂದ್ರೆ ಇಡಲ್ಲ" ಅನ್ನುತ್ತಾಳೆ. ಹುಟ್ಟಿದ ಮೂರು ದಿನದೊಳಗೆ ಹೆಸರು ಬರೆಸಬೇಕು, ನಿನಗೆ ಗೊತ್ತಲ್ಲ. ಉದ್ದ ಕಾಗದ ಬೇಡ. ಒಪ್ಪಿಗೆಯಾದರೆ ಒಂದು ಕಾರ್ಡು ಸಾಕು, ಸಹಿ ಮಾತ್ರ ಪೂರ್ತಿ ಹಾಕು.